ಕೆಳಗಿಟ್ಟ ಸ್ಲೇಟು

ಮೇಷ್ಟ್ರು ಬಗ್ಗುತ್ತಿರಲಿಲ್ಲ. ಅವರಿಗೆ ಸೊಂಟನೋವೇನೂ ಇರಲಿಲ್ಲ. ಬಂಗಾರಪೇಟೆಯಿಂದ ದಿನಾ ಸೈಕಲ್ ತುಳಿದುಕೊಂಡು ಬರುವ ಗಟ್ಟಿ ಆಳು. ಚೈನು ಕಳಚಿದರೆ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಸಿಕ್ಕಿಸಿಕೊಳ್ಳುತ್ತಿದ್ದರು. ಪಂಚಾಯ್ತಿ ಚೇರ್ಮನ್ ರಾಮಚಂದ್ರಪ್ಪ ಎದುರು ಬಂದರೆ ಮಂಡಿ ತಾಗುವಷ್ಟು ಬಗ್ಗಿ ಕೈಮುಗಿಯುತ್ತಿದ್ದರು. ಕೇರಿಯ ಮಕ್ಕಳ ಸ್ಲೇಟಿಗೆ ಮಾತ್ರ ಬಗ್ಗುತ್ತಿರಲಿಲ್ಲ.

ಊರಿನ ಮಕ್ಕಳು ಲೆಕ್ಕ ಮಾಡಿಕೊಂಡು ಜಗಲಿಗೆ ಹೋಗಿ ಸ್ಲೇಟನ್ನು ಅವರ ಕೈಗೆ ಕೊಡುತ್ತಿದ್ದವು. ಮೇಷ್ಟ್ರು ತೊಡೆಯ ಮೇಲಿಟ್ಟುಕೊಂಡು ನೋಡಿ, ಸರಿಯಿದ್ದರೆ ರೈಟು ಹಾಕಿ, ತಪ್ಪಿದ್ದರೆ ತಿದ್ದಿ, ತಲೆಗೊಂದು ಮೊಟಕಿ ಕಳಿಸುತ್ತಿದ್ದರು. ಕೇರಿಯ ಮಕ್ಕಳಿಗೆ ಆ ಮೊಟಕೂ ಇಲ್ಲ. ಅವು ಅಂಗಳದಲ್ಲಿ ಕೂರಬೇಕು. ಲೆಕ್ಕ ಮುಗಿದ ಮೇಲೆ ಸ್ಲೇಟುಗಳನ್ನು ಜಗಲಿಯ ಕೆಳಗೆ ಮಣ್ಣಿನ ಮೇಲೆ ಸಾಲಾಗಿ ಇಟ್ಟು ಹಿಂದಕ್ಕೆ ಸರಿಯಬೇಕು. ಮೇಷ್ಟ್ರು ಜಗಲಿಯ ಅಂಚಿಗೆ ಬಂದು, ಸಾಲಿನ ಮೇಲೆ ಒಂದು ಸಲ ಕಣ್ಣಾಡಿಸಿ, "ತಪ್ಪು, ಅಳಿಸಿ" ಅನ್ನುತ್ತಿದ್ದರು. ಸಾಲಿಗೆಲ್ಲ ಸೇರಿ ಒಂದೇ ತಪ್ಪು. ಕನ್ನಡಕವಿದ್ದರೂ ಅವರಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಮಕ್ಕಳು ಎಂಜಲು ಹಚ್ಚಿ ಅಳಿಸುತ್ತಿದ್ದವು. ಮರುದಿನ ಮತ್ತೆ ಅದೇ.

ಇದು ಎಲ್ಲೂ ಬರೆದಿಟ್ಟ ಪದ್ಧತಿಯಲ್ಲ. ಬರೆದಿಟ್ಟಿದ್ದು ಬೇರೆಯೇ ಇತ್ತು. ಎಲ್ಲ ಮಕ್ಕಳೂ ಒಂದೇ ಎಂದು ಸ್ಕೂಲಿನ ಗೋಡೆಯ ಮೇಲೆ ಇಷ್ಟುದ್ದದ ಅಕ್ಷರದಲ್ಲಿ ಬರೆಸಿದ್ದರು. ಆ ಗೋಡೆಗೆ ಸುಣ್ಣ ಬಳಿದವರು ಕೇರಿಯವರು. ಬಳಿಯುವಾಗ ಜಗಲಿ ಹತ್ತಿದ್ದು, ಮತ್ತೆ ಹತ್ತಲಿಲ್ಲ.

ಗಂಗರತ್ನಮ್ಮ ಅದೇ ಅಂಗಳದಲ್ಲಿ ಕೂತು ಕಲಿತವಳು. ಕೇರಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಹೋದ ಮೊದಲನೇ ಹೆಣ್ಣು. ಲೆಕ್ಕದಲ್ಲಿ ಫೇಲಾದಳು. ಉರಿಗಾಂನ ಕೂಲಿ ಲೈನುಮನೆಯ ಒಬ್ಬ ಗಣಿ ಕೆಲಸದವನಿಗೆ ಕೊಟ್ಟರು. ಮನೆ ಅನ್ನುವುದು ಒಂದು ಹಿಡಿಯಷ್ಟು ಜಾಗವಾದರೂ ಗಂಡ ಒಳ್ಳೆಯವನಿದ್ದ. ಕಾಮಾಲೆ ಬಂದು ಹೋದ. ಅತ್ತೆ ಅವಳನ್ನು ಒಂದು ಟ್ರಂಕಿನ ಸಮೇತ ಬಂಗಾರಪೇಟೆ ರೈಲು ಹತ್ತಿಸಿ, ತಮಿಳಿನಲ್ಲಿ "ಪೋಯ್ಟ್ ವಾ" ಅಂದಳು. ಹೋಗಿ ಬಾ ಅಂದಳೇ ಹೊರತು ಬಾ ಅನ್ನುವುದು ಬರೀ ಬಾಯಿಮಾತು. ಅಂದಿನಿಂದ ಗಂಗರತ್ನಮ್ಮನಿಗೆ ಅಳು ಬರುವುದು ನಿಂತಿತು. ಸಿಟ್ಟೂ ಬರುತ್ತಿರಲಿಲ್ಲ. ಯಾರಾದರೂ ಬೈದರೆ ಪಕ್ಕದ ಮನೆಯವರಿಗೆ ಬೈದ ಹಾಗೆ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದಳು.

ಕೆಲಸ ರಾಮಚಂದ್ರಪ್ಪನ ನೀಲಗಿರಿ ತೋಪಿನಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲಕ್ಕೆಲ್ಲ ಆತ ನೀಲಗಿರಿ ನೆಡಿಸಿದ್ದ. ಗಂಡಸರು ಮರ ಕಡಿಯುತ್ತಿದ್ದರು, ಹೆಂಗಸರು ತೊಗಟೆ ಸುಲಿಯುತ್ತಿದ್ದರು. ಬಿದ್ದ ಮರದ ಮೇಲೆ ಒಂದು ಕಾಲಿಟ್ಟು, ಮಚ್ಚಿನಲ್ಲಿ ಗೀರಿ, ಸಂದಿಗೆ ಬೆರಳು ತೂರಿಸಿ ಎಳೆಯಬೇಕು. ಹಸಿಯಿದ್ದರೆ ಉದ್ದಕ್ಕೆ ಬರುತ್ತದೆ. ಒಣಗಿದ್ದರೆ ಉಗುರು ಸಮೇತ ಬರುತ್ತದೆ. ಸಂಜೆಗೆ ಅಂಗೈ ಕಪ್ಪಗೆ ಅಂಟು ಹಿಡಿದಿರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಮುದ್ದೆಯಲ್ಲಿ ನೀಲಗಿರಿ ವಾಸನೆ ಬರುತ್ತಿತ್ತು. ಸುಲಿದ ಮರ ಲಾರಿಯಲ್ಲಿ ಎಲ್ಲಿಗೋ ಕಾರ್ಖಾನೆಗೆ ಹೋಗುತ್ತಿತ್ತು. ಅದರಿಂದ ಏನು ಮಾಡುತ್ತಾರೆಂದು ಸುಲಿದವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಅವಳ ಪಕ್ಕದಲ್ಲಿ ಸುಲಿಯುತ್ತಿದ್ದವಳು ಕದಿರಮ್ಮ. ಕದಿರಮ್ಮನ ಮಗಳು ಅಮ್ಮಾಜಿ, ನಾಲ್ಕನೇ ಕ್ಲಾಸು. ಹೋದ ವರ್ಷವೂ ನಾಲ್ಕನೇ ಕ್ಲಾಸೇ. ಊರಿನ ಸ್ಕೂಲು ನಾಲ್ಕಕ್ಕೆ ಮುಗಿಯುತ್ತದೆ. ಐದಕ್ಕೆ ಪಾಸಾದರೆ ಬಂಗಾರಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಸೀಟು ಸಿಗುತ್ತದೆ. ಊಟ, ಬಟ್ಟೆ, ಮಲಗಲು ಜಾಗ ಎಲ್ಲ ಅಲ್ಲೇ.

"ಈ ವರ್ಸವೂ ಓಯ್ತು ಅಂದ್ರೆ ಇಲ್ಲಿಗೇ ತತ್ತೀನಿ ಗಂಗಾ," ಅಂದಳು ಕದಿರಮ್ಮ, ತೊಗಟೆ ಎಳೆಯುತ್ತ. "ಮನೇಲಿ ಕೂರ್ಸಿ ಇಕ್ಕೋಕೆ ನನ್ ಕೈಲಾಗಲ್ಲ. ಒಂದು ಮಚ್ಚು ಕೊಡ್ಸಿದ್ರೆ ಆಯ್ತು."

"ಅಷ್ಟು ಚಿಕ್ಕ ಕೈಗಾ?"

"ನನ್ ಕೈ ಉಟ್ದಾಗ್ಲೇ ಇಷ್ಟು ದೊಡ್ದಿತ್ತಾ?" ಕದಿರಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನೀನು ಓದಿರೋಳಲ್ವಾ. ಅದಕ್ಕೆ ಒಂಚೂರು ಲೆಕ್ಕ ಏಳ್ಕೊಡೇ" ಅಂದಳು.

ಗಂಗರತ್ನಮ್ಮ ಹೂಂ ಅಂದಳು. ಲೆಕ್ಕದಲ್ಲೇ ಫೇಲಾದವಳು ಲೆಕ್ಕ ಹೇಳಿಕೊಡುವುದೇನು ಎಂದು ನಗು ಬರಬೇಕಿತ್ತು. ಅದೂ ಬರಲಿಲ್ಲ.

ಹೊತ್ತು ಮುಳುಗುವ ಮುಂಚೆ, ಕೇರಿಯ ಬೇವಿನ ಮರದ ಕೆಳಗೆ ಅಮ್ಮಾಜಿ ಬಂದು ಕೂತಿತು. ಮೂಳೆ ಮೈ, ಎಣ್ಣೆ ಕಾಣದ ಕೂದಲು, ಮೂಲೆ ಮುರಿದ ಸ್ಲೇಟು. ಗಂಗರತ್ನಮ್ಮ ಒಂದು ಕೂಡುವ ಲೆಕ್ಕ ಹೇಳಿ ಒಲೆ ನೋಡಲು ಒಳಗೆ ಹೋದಳು. ತಿರುಗಿ ಬಂದಾಗ ಸ್ಲೇಟು ನೆಲದ ಮೇಲಿತ್ತು. ಮಗು ದೂರ ಸರಿದು ನಿಂತಿತ್ತು. ಸ್ಲೇಟಿನ ಮೇಲೆ ಎಂಜಲಿನ ಪಸೆ ಇನ್ನೂ ಆರಿರಲಿಲ್ಲ.

"ಲೆಕ್ಕ ಮಾಡ್ಲಿಲ್ವಾ?"

"ಮಾಡ್ದೆ ಅಕ್ಕಾ."

"ಎಲ್ಲಿ?"

"ಅಳಿಸ್ದೆ."

"ಯಾಕಮ್ಮಿ?"

"ತಪ್ಪಿರ್ತದಲ್ಲ."

"ತಪ್ಪು ಅಂತ ಯಾರಂದ್ರು?"

ಅಮ್ಮಾಜಿ ಅವಳ ಮುಖ ನೋಡಿತು. ಇದನ್ನೂ ಕೇಳುತ್ತಾರಾ ಅನ್ನುವ ಹಾಗೆ. "ಯಾರೂ ಅನ್ನಿಲ್ಲ. ನಮ್ದು ತಪ್ಪೇ ಇರ್ತದೆ."

"ಎಷ್ಟು ಬಂದಿತ್ತು?"

"ಅರವತ್ತೊಂದು."

ಅರವತ್ತೊಂದೇ ಸರಿ.

ಗಂಗರತ್ನಮ್ಮ ಅಲ್ಲೇ ಕೂತಳು. ಅವಳು ಯಾರಿಗೂ ಹೇಳದ ಒಂದು ಸಂಗತಿ ಇತ್ತು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಅವಳಿಗೆ ಲೆಕ್ಕ ಬಂದಿತ್ತು. ಬಂದಿದ್ದನ್ನೆಲ್ಲ ಬರೆದಳು. ಇನ್ನೇನು ಬೆಲ್ಲು ಹೊಡೆಯಬೇಕು ಅನ್ನುವಾಗ ಅವಳ ಕೈ ತಾನೇ ತಾನಾಗಿ ಮೊದಲ ಹಾಳೆಗೆ ಹೋಗಿ ಒಂದೊಂದು ಲೆಕ್ಕಕ್ಕೂ ಅಡ್ಡಗೆರೆ ಎಳೆಯಿತು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ತಲೆಗೆ ಹತ್ತಲಿಲ್ಲ ಎಂದು ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು. ಈಗ ಈ ಮಗುವಿನ ಒದ್ದೆ ಸ್ಲೇಟು ನೋಡಿದಾಗ ಗೊತ್ತಾಯಿತು. ಗೊತ್ತಾಗಿಯೂ ಎದೆಯಲ್ಲಿ ಏನೂ ಅಲುಗಲಿಲ್ಲ. ಕೈ ಮಾತ್ರ ಚಾಚಿದಳು.

"ಇನ್ನೊಂದ್ಸಲ ಬರಿ. ನೆಲಕ್ಕಿಡ್ಬ್ಯಾಡ. ಕೈಗೆ ಕೊಡು."

ಅಮ್ಮಾಜಿ ಬರೆಯಿತು. ಕೊಡಲು ಹತ್ತಿರ ಬಂದು, ಅರ್ಧದಲ್ಲೇ ಬಗ್ಗಿ ನೆಲಕ್ಕಿಡಲು ಹೋಯಿತು.

"ಕೈಗೆ."

ಮಗು ಕಣ್ಣು ಮುಚ್ಚಿಕೊಂಡು ಕೊಟ್ಟಿತು. ಏಟು ಬೀಳುತ್ತದೆ ಎಂದುಕೊಂಡಿತ್ತೇನೋ. ಗಂಗರತ್ನಮ್ಮ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಅರವತ್ತೊಂದರ ಪಕ್ಕದಲ್ಲಿ ದೊಡ್ಡದೊಂದು ರೈಟು ಹಾಕಿದಳು. ಅಮ್ಮಾಜಿ ಅದನ್ನು ತುಂಬ ಹೊತ್ತು ನೋಡಿತು. ಆ ರಾತ್ರಿ ಸ್ಲೇಟನ್ನು ಅಳಿಸಲು ಬಿಡದೆ ತಲೆದೆಸೆಯಲ್ಲಿಟ್ಟುಕೊಂಡು ಮಲಗಿತೆಂದು ಕದಿರಮ್ಮ ಮರುದಿನ ತೋಪಿನಲ್ಲಿ ಹೇಳಿದಳು.

ಹೀಗೆ ಶುರುವಾಯಿತು. ಕೇರಿಯ ಇನ್ನಿಬ್ಬರು ನಾಲ್ಕನೇ ಕ್ಲಾಸಿನವರು, ಸೊಣ್ಣಪ್ಪ ಮತ್ತು ಮುನಿಶಾಮಿ, ಅವರೂ ಬಂದರು. ಗಂಗರತ್ನಮ್ಮ ತೋಪಿನಿಂದ ಬರುವಾಗ ಸೆರಗಿನಲ್ಲಿ ಸಣ್ಣ ಕಡ್ಡಿಗಳನ್ನು ಕಟ್ಟಿಕೊಂಡು ಬರುತ್ತಿದ್ದಳು. ಹತ್ತು ಕಡ್ಡಿ ಸೇರಿಸಿ ತೊಗಟೆಯ ನಾರಿನಲ್ಲಿ ಕಟ್ಟಿದರೆ ಒಂದು ಹತ್ತು. ಕಳೆಯುವಾಗ ಬಿಡಿ ಕಡ್ಡಿ ಸಾಲದೆ ಬಂದರೆ ಒಂದು ಕಟ್ಟು ಬಿಚ್ಚು. ಪಕ್ಕದ ಮನೆಯಿಂದ ದಶಕ ತರುವುದು ಎಂದು ಮೇಷ್ಟ್ರು ಹೇಳುತ್ತಿದ್ದರಂತೆ. ಯಾವ ಪಕ್ಕದ ಮನೆ, ಅವರು ಯಾಕೆ ಕೊಡುತ್ತಾರೆ ಎಂದು ಮುನಿಶಾಮಿಗೆ ಅರ್ಥವೇ ಆಗಿರಲಿಲ್ಲ. ಕೇರಿಯವರಿಗೆ ಊರಿನಲ್ಲಿ ಯಾವ ಮನೆಯೂ ಪಕ್ಕದ ಮನೆಯಲ್ಲ. ಕಟ್ಟು ಬಿಚ್ಚುವುದು ಒಂದೇ ಸಲಕ್ಕೆ ಅರ್ಥವಾಯಿತು.

ಕಷ್ಟವಾಗಿದ್ದು ಲೆಕ್ಕವಲ್ಲ. ಅಳಿಸದೆ ಇರುವುದು. ಉತ್ತರ ಬರೆದ ತಕ್ಷಣ ಹೆಬ್ಬೆರಳು ಬಾಯಿಗೆ ಹೋಗುತ್ತಿತ್ತು. ಗಂಗರತ್ನಮ್ಮ ಕೈ ಹಿಡಿದುಕೊಳ್ಳುತ್ತಿದ್ದಳು. ಒಬ್ಬರ ಸ್ಲೇಟು ಇನ್ನೊಬ್ಬರು ನೋಡಬೇಕು, ಕೈಗೆ ಕೊಡಬೇಕು, ಕೈಯಿಂದ ಇಸಿದುಕೊಳ್ಳಬೇಕು, ಸರಿಯಿದ್ದರೆ ರೈಟು ಹಾಕಬೇಕು, ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ತೋರಿಸಬೇಕು. ಉರಿಗಾಂನಲ್ಲಿ ಅವಳು ನೋಡಿದ್ದಳು. ಲೈನಿನ ನಲ್ಲಿಯ ಹತ್ತಿರ ಒಬ್ಬ ಟೀಚರಮ್ಮ ಮಗುವಿನ ನೋಟುಬುಕ್ಕು ಇಸಿದುಕೊಂಡು, ಆ ಮಗುವಿನ ಬೆನ್ನನ್ನೇ ಮೇಜು ಮಾಡಿಕೊಂಡು ತಿದ್ದುತ್ತ ನಿಂತಿದ್ದಳು. ಮಗು ಕಚಗುಳಿಗೆ ನಗುತ್ತಿತ್ತು. ಹಾಗೂ ಉಂಟು ಎಂದು ಗಂಗರತ್ನಮ್ಮನಿಗೆ ಅಂದು ತಿಳಿದಿತ್ತು.

ಮಾಗಿ ಕಳೆದು ಬಿಸಿಲು ಏರುವ ಹೊತ್ತಿಗೆ ಮೂವರೂ ಅಳಿಸುವುದನ್ನು ಬಿಟ್ಟರು. ಅಮ್ಮಾಜಿ ತಪ್ಪು ಮಾಡಿದಾಗಲೂ ತಲೆ ತಗ್ಗಿಸದೆ, "ಎಲ್ಲಿ ತಪ್ತು, ತೋರ್ಸು" ಎಂದು ಸೊಣ್ಣಪ್ಪನಿಗೆ ದಬಾಯಿಸುತ್ತಿತ್ತು. ಕದಿರಮ್ಮ ಮರದಡಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ, "ಏನ್ ಜೋರು ನೋಡು ಇವ್ಳ್ದು" ಅನ್ನುತ್ತಿದ್ದಳು. ಅವಳಿಗೆ ಅದು ಖುಷಿಯಾಗಿತ್ತು.

ಪರೀಕ್ಷೆ ಬಂತು. ನಾಲ್ಕನೆಯದಕ್ಕೂ ಸ್ಲೇಟಿನ ಮೇಲೆಯೇ ಪರೀಕ್ಷೆ. ಮೇಷ್ಟ್ರು ಜಗಲಿಯಿಂದ ಲೆಕ್ಕ ಹೇಳಿದರು. ಊರಿನ ಮಕ್ಕಳು ಒಳಗೆ ಕೂತು ಬರೆದವು. ಕೇರಿಯ ಮೂರು ಅಂಗಳದ ಬಿಸಿಲಲ್ಲಿ ಕೂತು ಬರೆದವು. ಊರಿನವರ ಸ್ಲೇಟು ನೋಡಿ ಮುಗಿದ ಮೇಲೆ ಮೇಷ್ಟ್ರು ಅಂಚಿಗೆ ಬಂದು, "ಇಡಿ" ಅಂದರು.

ಅಮ್ಮಾಜಿ ಎದ್ದು ಹೋಗಿ ಸ್ಲೇಟನ್ನು ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿಯಿತು.

"ಕೆಳಗಿಡು."

"ಕೈಗೆ ತಗೊಂಡ್ ನೋಡಿ ಸಾ. ಸರಿಯಾಗೈತೆ."

ಹೀಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ದಿನಾ ಮಾಡಿದ್ದನ್ನೇ ಮಾಡಿತ್ತು, ಅಷ್ಟೇ. ಅದರ ಹಿಂದೆ ಸೊಣ್ಣಪ್ಪ, ಮುನಿಶಾಮಿ ಕೂಡ ಎದ್ದು ಸ್ಲೇಟು ಹಿಡಿದರು. ಮೇಷ್ಟ್ರ ಮುಖ ಕೆಂಪಗಾಯಿತು. ಬೆತ್ತ ತಂದರು. ಬೆತ್ತವಾದರೂ ಇಳಿದು ಬಂದು ಹೊಡೆಯಬೇಕಲ್ಲ. ಇಳಿಯಲಿಲ್ಲ. ಮೇಲಿನಿಂದಲೇ ಗಾಳಿಗೆ ಬೀಸಿ, "ಇಡದಿದ್ರೆ ಮೂರೂ ಫೇಲು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಕ್ಕಳು ಕೈ ಸೋಲುವವರೆಗೂ ಹಿಡಿದುಕೊಂಡೇ ನಿಂತಿದ್ದವು. ಆಮೇಲೆ ಮನೆಗೆ ಬಂದವು.

ಮರುದಿನ ರಾಮಚಂದ್ರಪ್ಪ ತೋಪಿಗೆ ಬಂದ. ಮೋಟರ್ ಬೈಕಿನಿಂದ ಇಳಿಯದೆ, ಸುಲಿಯುತ್ತಿದ್ದ ಹೆಂಗಸರನ್ನು ಒಂದು ಸುತ್ತು ನೋಡಿ, "ಯಾರದು ಗಂಗರತ್ನ?" ಅಂದ. ಅವನಿಗೆ ಗೊತ್ತಿಲ್ಲದೆ ಏನಲ್ಲ.

ಗಂಗರತ್ನಮ್ಮ ಮಚ್ಚು ಕೆಳಗಿಟ್ಟು ನಿಂತಳು.

"ನೀನಂತೆ ಮಕ್ಕಳ್ ತಲೆ ಕೆಡ್ಸಿರೋದು."

"ಲೆಕ್ಕ ಏಳ್ಕೊಟ್ಟೆ ಸಾಮಿ."

"ಲೆಕ್ಕ ಏಳ್ಕೊಡೋಕೆ ಸರ್ಕಾರ ಮೇಷ್ಟ್ರುನ್ನ ಮಡಗೈತೆ. ನೀನು ತೊಗಟೆ ಸುಲಿ." ಆತ ಎಲ್ಲರಿಗೂ ಕೇಳುವ ಹಾಗೆ ದನಿ ಏರಿಸಿದ. "ನೋಡ್ರಮ್ಮ, ನಾನೇನು ಕೆಟ್ಟೋನಲ್ಲ. ಮೇಷ್ಟ್ರತ್ರ ನಾನೇ ಮಾತಾಡಿದೀನಿ. ಸೋಮವಾರ ಬೆಳಿಗ್ಗೆ ಸ್ಕೂಲತ್ರ ಎಲ್ರೂ ಬನ್ನಿ. ಮಕ್ಕಳು ಇಲ್ಲೀಗಂಟ ಎಂಗಿಡ್ತಿದ್ವೋ ಅಂಗೇ ಸ್ಲೇಟು ಕೆಳಗಿಡ್ಲಿ. ಎಲ್ರೂ ನೋಡ್ಲಿ. ಮೂರನ್ನೂ ಪಾಸ್ ಮಾಡ್ತಾರೆ. ಇಡ್ಲಿಲ್ಲ ಅಂದ್ರೆ ನಿಮ್ ಮಕ್ಕಳೂ ಅಲ್ಲೇ, ನೀವೂ ನಿಮ್ ಕೇರೀಲೇ. ಮರ ಸುಲಿಯೋಕೆ ಆಂಧ್ರದ ಕಡೆಯಿಂದ ಬೇಕಾದಷ್ಟು ಜನ ಬತ್ತಾರೆ."

ಬೈಕು ಹೋಯಿತು. ಆ ಕೊನೆಯಿಂದ ಮುನಿಶಾಮಮ್ಮ, ಮುನಿಶಾಮಿಯ ಅಜ್ಜಿ, "ಗಂಡನ್ನ ನುಂಗಿದ್ದು ಸಾಲ್ದು ಅಂತ ಕೂಲೀನೂ ನುಂಗೋಕೆ ಬಂದವ್ಳೆ" ಅಂದಳು. ಗಂಗರತ್ನಮ್ಮ ಕೇಳಿಸಿಕೊಂಡಳು. ಮತ್ತೆ ಮಚ್ಚು ಎತ್ತಿಕೊಂಡು ಸುಲಿದಳು. ಬೆರಳಿಗೆ ಚಕ್ಕೆ ಹೊಕ್ಕಿತು. ಕಿತ್ತು ಎಸೆದಳು. ನೋವಾಗಲಿಲ್ಲ.

ಭಾನುವಾರ ಕದಿರಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಕೂತಳು.

"ಅದು ನನ್ ಮಾತು ಕೇಳಲ್ಲ ಗಂಗಾ. ನೀನೇಳು."

"ಏನಂತ?"

"ಇಡು ಅನ್ನು. ಒಂದೇ ಒಂದ್ಸಲ. ಸ್ಲೇಟು ತಾನೆ, ತಲೆ ಅಲ್ವಲ್ಲ." ಕದಿರಮ್ಮ ತನ್ನ ಅಂಗೈಗಳನ್ನು ಮುಂದೆ ಚಾಚಿದಳು. ಬಿರುಕಿನೊಳಗೆ ಕಪ್ಪು ಅಂಟು ಕೂತಿತ್ತು. "ನೋಡು. ಇವು ಅದಕ್ಕೂ ಬರ್ಬೇಕಾ? ಅಸ್ಟೆಲ್ಗೆ ಓಗ್ಲಿ. ಅಲ್ಲೋಗಿ ಯಾರ್ ಕೈಗಾದ್ರೂ ಕೊಡ್ಲಿ. ಇಲ್ಲಿ ಇಟ್ಬಿಡ್ಲಿ."

ಗಂಗರತ್ನಮ್ಮ ಆ ಕೈಗಳನ್ನು ನೋಡಿದಳು. ಎದ್ದು ಹೊರಗೆ ಬಂದಳು.

ಅಮ್ಮಾಜಿ ಬೇವಿನ ಮರದ ಕೆಳಗೆ ಕಡ್ಡಿಯ ಕಟ್ಟುಗಳನ್ನು ಜೋಡಿಸುತ್ತ ಕೂತಿತ್ತು. ಗಂಗರತ್ನಮ್ಮ ಎದುರಿಗೆ ಕುಕ್ಕರಿಸಿದಳು.

"ನಾಳೆ ಇಟ್ಬಿಡು ಅಮ್ಮಾಜಿ."

"ಎಲ್ಲಿ?"

"ಕೆಳಗೆ."

ಮಗು ಕೈ ನಿಲ್ಲಿಸಿತು. "ನೀನೇ ಅಲ್ವಾ ಕೈಗೆ ಕೊಡು ಅಂದಿದ್ದು."

"ಅಂದಿದ್ದೆ. ಈಗ ಇಡು ಅಂತಿವ್ನಿ."

"ಲೆಕ್ಕ ಸರಿಯಾಗಿದ್ರೂವಾ?"

"ಸರಿಯಾಗಿದ್ರೂವೆ. ಪಾಸ್ ಮಾಡ್ತಾರೆ."

"ನೋಡ್ದೇನೇನಾ?"

ಗಂಗರತ್ನಮ್ಮ ಬಿದ್ದಿದ್ದ ಒಂದು ಕಡ್ಡಿ ಎತ್ತಿ ಕಟ್ಟಿಗೆ ಸೇರಿಸಿದಳು. ಅಮ್ಮಾಜಿ ಕಡ್ಡಿಗಳನ್ನು ಬಾಚಿ ಲಂಗಕ್ಕೆ ತುಂಬಿಕೊಂಡು ಎದ್ದು ಹೋಯಿತು. ಅದರ ಕಣ್ಣಲ್ಲಿ ನೀರಿದ್ದಿದ್ದರೆ ಚೆನ್ನಾಗಿತ್ತು ಎಂದು ಗಂಗರತ್ನಮ್ಮನಿಗೆ ಅನ್ನಿಸಿತು. ಇರಲಿಲ್ಲ. ತನ್ನ ಮುಖವೇ ಆ ಮಗುವಿಗೆ ಬಂದುಬಿಟ್ಟ ಹಾಗಿತ್ತು.

ಸೋಮವಾರ ಬೆಳಿಗ್ಗೆ ಸ್ಕೂಲಿನ ಮುಂದೆ ಊರು ನೆರೆದಿತ್ತು. ಊರಿನವರು ಹೊಂಗೆಯ ನೆರಳಲ್ಲಿ, ಕೇರಿಯವರು ಬಿಸಿಲಲ್ಲಿ. ರಾಮಚಂದ್ರಪ್ಪನಿಗೆ ಜಗಲಿಯ ಮೇಲೆ ಕುರ್ಚಿ ಹಾಕಿದ್ದರು. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಮಾರಿಕುಪ್ಪಂ ಕಡೆಗೆ ಹೋಗುವ ರೈಲು ದೂರದಲ್ಲಿ ಕೂಗಿತು. ಒಂದಿಬ್ಬರು ಮುದುಕರು ಹೊತ್ತೆಷ್ಟಾಯಿತೆಂದು ಲೆಕ್ಕ ಹಾಕಿಕೊಂಡರು.

"ಶುರು ಮಾಡಿ ಮೇಷ್ಟ್ರೇ," ಅಂದ ರಾಮಚಂದ್ರಪ್ಪ.

"ಎಂಬತ್ತೊಂದರಲ್ಲಿ ಮೂವತ್ತಾರು ಕಳೆಯಿರಿ," ಅಂದರು ಮೇಷ್ಟ್ರು.

ಮೂರು ಮಕ್ಕಳೂ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಲೇಟಿನ ಮೇಲೆ ಬಗ್ಗಿದವು. ಅವುಗಳ ಬೆನ್ನು ಜನಕ್ಕೆ. ಸೊಣ್ಣಪ್ಪನ ತುಟಿ ಅಲ್ಲಾಡುತ್ತಿತ್ತು, ಕಟ್ಟು ಬಿಚ್ಚುತ್ತಿದ್ದ. ಅಮ್ಮಾಜಿಯ ಮೊಣಕೈ ಅಲ್ಲಾಡುವುದೂ ಕಾಣುತ್ತಿತ್ತು.

"ಇಡಿ."

ಕದಿರಮ್ಮ ಗಂಗರತ್ನಮ್ಮನ ಕೈ ಹಿಡಿದುಕೊಂಡಳು. ಮುನಿಶಾಮಿ ಹೋಗಿ ಇಟ್ಟ. ಸೊಣ್ಣಪ್ಪ ಇಟ್ಟ. ಅಮ್ಮಾಜಿ ಎದ್ದು, ನಡೆದು ಹೋಗಿ, ಬಗ್ಗಿ, ಸಾಲಿನ ಕೊನೆಗೆ ತನ್ನ ಸ್ಲೇಟನ್ನು ಮಣ್ಣಿನ ಮೇಲೆ ಇಟ್ಟಿತು. ಊರಿನ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಕದಿರಮ್ಮ ಉಸಿರು ಬಿಟ್ಟಳು.

ಗಂಗರತ್ನಮ್ಮ ನೆಲ ನೋಡುತ್ತಿದ್ದಳು. ಆಯಿತು, ಮುಗಿಯಿತು, ಹಾಸ್ಟೆಲ್ಲಿಗೆ ಹೋಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಷ್ಟ್ರು ಜಗಲಿಯ ಅಂಚಿಗೆ ಬಂದರು. ಅಂದು ಅವರು ಧಾರಾಳಿಯಾಗಿದ್ದರು. ಒಂದೇ ಉಸಿರಿಗೆ ಮುಗಿಸದೆ, ಒಂದೊಂದು ಸ್ಲೇಟಿನ ಕಡೆಗೂ ಬೆತ್ತದ ತುದಿ ತೋರಿಸಿ ಹೇಳಿದರು.

"ರೈಟು. ರೈಟು. ಇದೂ ರೈಟು. ಮೂರೂ ಪಾಸು."

ರಾಮಚಂದ್ರಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ನೋಡಿ, ಎಷ್ಟು ಸುಲಭ" ಅಂದ. ಕದಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನ ಹೊರಡಲು ಕಾಲು ಎತ್ತಿದರು.

ಅಮ್ಮಾಜಿ ಹಿಂದಕ್ಕೆ ಸರಿದಿರಲಿಲ್ಲ. ಅದು ಬಗ್ಗಿ ತನ್ನ ಸ್ಲೇಟನ್ನು ಎತ್ತಿಕೊಂಡಿತು. ಜನರ ಕಡೆಗೆ ತಿರುಗಿತು. ಸ್ಲೇಟನ್ನು ಎದೆಯ ಮುಂದೆ ಹಿಡಿಯಿತು. ಕರ್ರಗಿತ್ತು. ತಿರುಗಿಸಿ ಹಿಂಬದಿ ತೋರಿಸಿತು. ಅದೂ ಕರ್ರಗಿತ್ತು. ಒಂದು ಗೆರೆಯೂ ಇರಲಿಲ್ಲ. ಅಳಿಸಿದ ಗುರುತೂ ಇರಲಿಲ್ಲ.

"ಏನೂ ಬರ್ದಿಲ್ಲ," ಅಂದಿತು. ಆಮೇಲೆ ಜಗಲಿಯ ಕಡೆ ತಿರುಗಿ, "ನಾನು ಏನೂ ಬರ್ದಿಲ್ಲ ಸಾ. ನೀವು ನೋಡ್ತೀರೇನೋ ಅಂತ ಬರ್ದಂಗ್ ಮಾಡಿ ಸುಮ್ನೆ ಇಟ್ಟೆ."

ಪಕ್ಕದಲ್ಲಿ ಸೊಣ್ಣಪ್ಪನ ಸ್ಲೇಟು ಬಿದ್ದಿತ್ತು. ಅದರ ಮೇಲೆ ನಲವತ್ತೈದು ಎಂದು ದುಂಡಗೆ ಬರೆದಿತ್ತು. ಅದಕ್ಕೂ ರೈಟು, ಇದಕ್ಕೂ ರೈಟು. ಸೊಣ್ಣಪ್ಪ ತನ್ನ ಸ್ಲೇಟು ನೋಡಿದ, ಅಮ್ಮಾಜಿಯ ಸ್ಲೇಟು ನೋಡಿದ. ಅವನ ಮುಖ ಸಣ್ಣಗಾಯಿತು. ಇಷ್ಟು ವರ್ಷ ಅಳಿಸಿದ್ದೆಲ್ಲ ಅವನಿಗೆ ಒಂದೇ ಸಲ ನೆನಪಾಗಿರಬೇಕು.

ನೆರಳಿನಲ್ಲಿದ್ದ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವನ ಅಪ್ಪ ಬಾಯಿ ಮುಚ್ಚಿಸಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಈಗ ಒರೆಸಿ ಏನು ಪ್ರಯೋಜನವೋ.

"ಪಾಸು ಅಂದ್ಮೇಲೆ ಪಾಸು," ರಾಮಚಂದ್ರಪ್ಪ ಎದ್ದು ನಿಂತ. "ಆಯ್ತಲ್ಲ, ನಡೀರಿ ಎಲ್ರೂ. ಏ ಅಮ್ಮಿ, ಓಗು."

"ನಂಗಾ ಪಾಸು ಬ್ಯಾಡ."

"ಏನಂದೆ?"

"ಲೆಕ್ಕ ಕೊಡಿ, ಮಾಡ್ತೀನಿ. ತಪ್ಪಾದ್ರೆ ಫೇಲ್ ಮಾಡಿ. ನೋಡಿ ಮಾಡಿ."

ಕದಿರಮ್ಮ ಗಂಗರತ್ನಮ್ಮನ ಕೈ ಬಿಟ್ಟಳು. ಬಿಸಿಲಿನಲ್ಲಿದ್ದ ಜನರನ್ನು ಸರಿಸಿಕೊಂಡು ದಡದಡ ಮಗಳ ಕಡೆ ನಡೆದಳು. ಸಿಕ್ಕ ಹಾಸ್ಟೆಲ್ಲನ್ನು ಬೇಡವೆಂದ ಮಗಳನ್ನು ಅಲ್ಲೇ ಹೂತುಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅಮ್ಮಾಜಿಯೂ ಅಂದುಕೊಂಡಿತು, ಕೆನ್ನೆಗೆ ಕೈ ಅಡ್ಡ ಹಿಡಿಯಿತು. ಗಂಗರತ್ನಮ್ಮನ ಕಾಲು ತಾನಾಗಿ ಕದಿರಮ್ಮನ ಹಿಂದೆ ಓಡಿತು.

ಕದಿರಮ್ಮ ಹೊಡೆಯಲಿಲ್ಲ. ಮಗಳ ಕೈಯಿಂದ ಸ್ಲೇಟು ಕಿತ್ತುಕೊಂಡಳು. ಮುಂದಕ್ಕೂ ಹಿಂದಕ್ಕೂ ತಿರುಗಿಸಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಅವತ್ತು ಓದಲು ಬರಬೇಕಾಗಿಯೂ ಇರಲಿಲ್ಲ.

"ಏನೂ ಇಲ್ಲ," ಅಂದಳು. ದನಿ ತೀರಾ ಸಣ್ಣಗಿತ್ತು. "ಓದ ವರ್ಸ ಇದು ಬರ್ದಿತ್ತು. ಅದಕ್ ಮುಂಚಿನ್ ವರ್ಸವೂ ಬರ್ದಿತ್ತು. ತಪ್ಪು ಅಂದ್ರಿ. ಮನೇಗ್ ಬಂದಾಗ ನಾನೂ ಒಡ್ದೆ ಇದಕ್ಕೆ. ತಪ್ಪು ಮಾಡ್ತೀಯ ಅಂತ ಒಡ್ದೆ."

ಅವಳು ಜಗಲಿಯ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಏ, ಏ" ಎಂದರು ಯಾರೋ ನೆರಳಿನಿಂದ. ಅವಳು ಹತ್ತಿದಳು. ತೊಗಟೆಯ ಅಂಟು ಹಿಡಿದ ಕೈಯಲ್ಲಿ ಸ್ಲೇಟನ್ನು ಮೇಷ್ಟ್ರ ಎದೆಯ ಮಟ್ಟಕ್ಕೆ ಹಿಡಿದಳು.

"ಇಡ್ಕೊಳ್ಳಿ. ಲೆಕ್ಕ ಬರ್ಕೊಡಿ ನನ್ ಮಗೀಗೆ."

ಕೆಳಗೆ ಮೆಟ್ಟಿಲ ಹತ್ತಿರ ಗಂಗರತ್ನಮ್ಮ ನಿಂತಿದ್ದಳು. ನಾಳೆ ತೋಪಿನಲ್ಲಿ ಕೆಲಸವಿರುವುದಿಲ್ಲ. ಅವಳಿಗಷ್ಟೇ ಅಲ್ಲ, ಕೇರಿಗೇ. ಅದು ಗೊತ್ತಿತ್ತು. ಇದೇ ಮಗುವಿಗೆ ನಿನ್ನೆ ಇಡು ಎಂದಿದ್ದೆ ಎನ್ನುವುದೂ ಗೊತ್ತಿತ್ತು. ಹೊಟ್ಟೆಯ ತಳದಲ್ಲಿ ಏನೋ ಕಾದ ಹಾಗಾಯಿತು. ಮೊದಲು ಹಸಿವು ಅಂದುಕೊಂಡಳು. ಹಸಿವಲ್ಲ, ಸಿಟ್ಟು. ಎಷ್ಟೋ ದಿನದ ಮೇಲೆ ಬಂದಿದ್ದರಿಂದ ಗುರುತು ಸಿಕ್ಕಿರಲಿಲ್ಲ.

ಅವಳೂ ಹತ್ತಿದಳು. ಅವಳ ಹಿಂದೆ ಅಮ್ಮಾಜಿ ಹತ್ತಿತು. ಸೊಣ್ಣಪ್ಪ, ಮುನಿಶಾಮಿ ತಮ್ಮ ಸ್ಲೇಟುಗಳನ್ನು ಮಣ್ಣು ಕೊಡವಿ ಎತ್ತಿಕೊಂಡು ಹತ್ತಿದರು. ಬಿಸಿಲಿನಿಂದ ಮುನಿಶಾಮಮ್ಮ, "ಮಂಡಿ ನೋವು ಕಣ್ರಲಾ, ಕೈ ಕೊಡಿ" ಎಂದು ಮೊಮ್ಮಗನನ್ನು ಕರೆದಳು.

ಮೇಷ್ಟ್ರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಇನ್ನೊಂದು ಹೆಜ್ಜೆ ಸರಿದರು. ಹಿಂದೆ ಗೋಡೆಯಿತ್ತು. ಕದಿರಮ್ಮ ಸ್ಲೇಟನ್ನು ಕೆಳಗಿಳಿಸಲಿಲ್ಲ.